ಗುಂಡಿಗೆ ಸರಪಳಿ ಕಟ್ಟಿದವರ ಹೆಸರು

ನದಿದಂಡೆಗಳ ಕಡತ ಯಾರ ಮೇಜಿನ ಮೇಲಿದೆಯೋ ಆ ಮಾನ್ಯ ಅಧಿಕಾರಿಗಳೇ,

ಬರುವ ತಿಂಗಳ ಹದಿನೆಂಟನೇ ತಾರೀಕು ನಮ್ಮೂರಿನ ಚೆಲ್ಲಮ್ಮಾಳ್ ಎಂಬ ಅರವತ್ತೇಳು ವರ್ಷದ ಹಿರಿಯರು ನ್ಯಾಯಾಲಯದಲ್ಲಿ ನಿಂತು, ‘ಹೌದು, ಆ ಮನುಷ್ಯ ಸತ್ತದ್ದು ನನ್ನಿಂದಲೇ’ ಎಂದು ಒಪ್ಪಿಕೊಳ್ಳಲಿದ್ದಾರೆ. ಒಪ್ಪಬೇಡಿ ಎಂದು ಊರೆಲ್ಲ ಹೇಳಿ ಆಯಿತು, ಕೇಳುತ್ತಿಲ್ಲ. ಆ ಸಾವಿಗೆ ಕಾರಣ ಅವರು ಕಟ್ಟಿಸಿದ ಮೆಟ್ಟಿಲಲ್ಲ, ನಿಮ್ಮ ಕಚೇರಿ ಕತ್ತರಿಸಿಕೊಂಡು ಹೋದ ಸರಪಳಿ. ಇದು ನನಗೆ ಗೊತ್ತು, ನಿಮಗೆ ಗೊತ್ತು, ನಿಮ್ಮ ಕಡತಕ್ಕೂ ಗೊತ್ತು. ಗೊತ್ತಿಲ್ಲದಿರುವುದು ನ್ಯಾಯಾಧೀಶರಿಗೆ ಮಾತ್ರ. ಯಾಕೆಂದರೆ ಕಡತದ ಆ ಪುಟ ನಿಮ್ಮ ಬೀರುವಿನಿಂದ ಹೊರಗೆ ಬಂದೇ ಇಲ್ಲ.

ಇದೇ ಮಾತನ್ನು ತಮಿಳಿನಲ್ಲಿ ಹನ್ನೊಂದು ಸಲ ಬರೆದು ಕೊಟ್ಟಿದ್ದೇನೆ. ಹನ್ನೊಂದಕ್ಕೂ ಮುದ್ರೆ ಒತ್ತಿದ ಸ್ವೀಕೃತಿ ನನ್ನ ಬಳಿ ಇದೆ. ಒಂದಕ್ಕೂ ಉತ್ತರ ಇಲ್ಲ. ಹನ್ನೆರಡನೆಯದನ್ನು ಕನ್ನಡದಲ್ಲಿ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ, ಅದರ ತಮಿಳು ಪ್ರತಿ ನಿಮಗೆ ಎಂದಿನಂತೆ ಅಂಚೆಯಲ್ಲಿ ಬರುತ್ತದೆ. ನೀವು ಓದಬಲ್ಲ ಭಾಷೆಯಲ್ಲಿ ಬರೆದಾಗ ನೀವು ಓದಲಿಲ್ಲ. ಓದುವವರು ಇರುವ ಕಡೆ ಬರೆದು ನೋಡೋಣ ಎಂದುಕೊಂಡೆ. ನಮ್ಮ ಜನ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಲೆಕ್ಕವಿಲ್ಲ. ಮನೆಯಲ್ಲಿ ಕನ್ನಡ ಆಡುತ್ತೇವೆ, ಬರೆಯಲು ಬರುವುದಿಲ್ಲ. ನನಗೆ ಬಂದದ್ದು ಶಾಲೆಯಿಂದಲ್ಲ. ಇಪ್ಪತ್ತಮೂರು ವರ್ಷ ಮೈಸೂರಿನ ಮಂಡಿಗೆ ಬಾಳೆಗೊನೆ ಇಳಿಸುತ್ತಾ, ಲಾರಿಯ ಹಿಂಬದಿಯ ಬರಹ, ಅಂಗಡಿ ಬೋರ್ಡು, ಸಿನಿಮಾ ಪೋಸ್ಟರು ಓದಿ ಕಲಿತೆ. ಆದ್ದರಿಂದ ಎಲ್ಲಾದರೂ ಬೋರ್ಡಿನ ಹಾಗೆ ದಪ್ಪ ಅಕ್ಷರದಲ್ಲಿ ಮಾತಾಡಿದರೆ ಮನ್ನಿಸಿ.

ಮೊದಲು ಆ ದಂಡೆಯ ಕಥೆ ಹೇಳುತ್ತೇನೆ. ನಿಮ್ಮ ನೋಟೀಸಿನಲ್ಲಿ ಅದು ‘ಅನಧಿಕೃತ ನಿರ್ಮಾಣ’ ಎಂಬ ಎರಡು ಪದದಲ್ಲಿ ಮುಗಿದುಹೋಗಿದೆ.

ಮಾರ್ಕಯನ್‌ಕೋಟ್ಟೈ ದಾಟಿ ಎರಡು ಮೈಲಿ ಕೆಳಗೆ ಪೆರಿಯಾರು ನಮ್ಮೂರಿನ ಬೆನ್ನಿಗೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಅಲ್ಲೊಂದು ದೊಡ್ಡ ಮತ್ತಿ ಮರ ಇದೆ. ಐದು ವರ್ಷದ ಹಿಂದೆ ಆ ಮರದ ಕೆಳಗೆ ಹೆಂಗಸರು ನಿಲ್ಲುವ ಹಾಗಿರಲಿಲ್ಲ. ಹೋಟೆಲಿನ ಎಂಜಲೆಲೆ, ಕೋಳಿ ಅಂಗಡಿಯ ಪುಕ್ಕ, ಸಾರಾಯಿ ಬಾಟಲಿ, ನಮ್ಮ ಮಂಡಿಯವರೇ ಸುರಿದ ಕೊಳೆತ ಬಾಳೆದಿಂಡು. ನಾನೂ ಸುರಿದಿದ್ದೇನೆ, ಮುಚ್ಚಿಡುವುದೇನು. ಚೆಲ್ಲಮ್ಮಾಳ್ ಅವರನ್ನು ಊರಲ್ಲಿ ಚೆಲ್ಲಕ್ಕ ಅನ್ನುತ್ತೇವೆ. ಅವರು ಒಂದು ದಿನ ಸಂಜೆ ಗೋಣಿಚೀಲ ಹಿಡಿದು ಒಬ್ಬರೇ ಬಾಟಲಿ ಹೆಕ್ಕಲು ಕೂತರು. ನಾನು ಟಿವಿಎಸ್ ನಿಲ್ಲಿಸಿ ಕೇಳಿದೆ:

“ಏನಕ್ಕಾ, ಈ ವಯಸ್ಸಲ್ಲಿ ಬಾಟ್ಲಿ ಯಾವಾರಕ್ಕೆ ಇಳ್ದ್ಬುಟ್ಟೆ?”

“ಊಂ ತಂಬಿ. ಕುಡ್ದೋರು ಗಂಡಸ್ರು, ಹೆಕ್ಕೋರು ಎಂಗಸ್ರು. ನೀನೊಂದು ಚೀಲ ಇಡ್ಕೋ, ಯಾವಾರದಲ್ಲಿ ಪಾಲು ಕೊಡ್ತೀನಿ.”

ಹಿಡಿದುಕೊಂಡೆ. ಮೂರು ತಿಂಗಳಲ್ಲಿ ಇನ್ನೂರಹನ್ನೆರಡು ಚೀಲ. ಎಣಿಸುವುದು ನನ್ನ ಚಾಳಿ. ಗೊನೆಯ ಚಿಪ್ಪು ಎಣಿಸಿ ಬದುಕಿದ ಕಣ್ಣು ಎಲ್ಲಿ ಹೋದರೂ ಎಣಿಸುತ್ತದೆ.

ಅಲ್ಲಿಂದ ಮುಂದೆ ನಮ್ಮೂರಿನ ಪದ್ಧತಿ ಕೆಲಸ ಮಾಡಿತು. ಊರಿನ ಕೆಲಸ ಅಂದರೆ ಮನೆಗೊಂದು ಆಳು. ನೂರಾನಲವತ್ತು ಮನೆ, ನೂರಾನಲವತ್ತು ಆಳು. ಅದಕ್ಕೊಂದು ಕಟ್ಟುಪಾಡು ಇದೆ: ಯಾರು ಎಷ್ಟು ಮಾಡಿದರು ಎಂದು ಹೇಳಬಾರದು, ಯಾರು ಬರಲಿಲ್ಲ ಎಂದೂ ಹೇಳಬಾರದು. ಕಲ್ಲಿನ ಮೇಲೆ ಹೆಸರು ಕೆತ್ತುವುದಿಲ್ಲ, ತಪ್ಪಿದವರ ಹೆಸರನ್ನು ಎತ್ತುವುದಿಲ್ಲ. ಕೆಲಸ ಮುಗಿದ ದಿನ ಊರಿನ ದೇವರ ದನಗಳನ್ನು ಮೊದಲು ಬಿಡುತ್ತೇವೆ. ಯಾರ ಹಟ್ಟಿಗೂ ಸೇರದ, ಹಾಲು ಕರೆಯದ, ಮಾರದ ದನಗಳು ಅವು. ಅವು ನೀರು ಕುಡಿದವೆಂದರೆ ಆ ಕೆಲಸ ಅವುಗಳದ್ದಾಯಿತು, ನಮ್ಮದಲ್ಲ. ಹೀಗೆ ಮೆಟ್ಟಿಲು ಬಂತು, ಹೆಂಗಸರು ಬಟ್ಟೆ ಒಗೆಯಲು ಹನ್ನೆರಡು ಕಲ್ಲು ಬಂದವು, ವೀಳ್ಯದೆಲೆ ತೋಟದಲ್ಲಿ ಬಿದ್ದಿದ್ದ ಕಲ್ಲುಕಂಬಗಳು ಬೆಂಚುಗಳಾದವು, ಮತ್ತಿ ಮರಕ್ಕೆ ಟೈರಿನ ಉಯ್ಯಾಲೆ ಬಂತು, ಪಕ್ಕದಲ್ಲಿ ಕಬಡ್ಡಿಗೆ ಮಣ್ಣು ಬಿತ್ತು. ಸಂಜೆಯಾದರೆ ಕೂಲಿ ಮುಗಿಸಿದ ಹೆಂಗಸರು ಕಾಲು ನೀರಿಗಿಟ್ಟು ಕೂರತೊಡಗಿದರು. ಅರವತ್ತು ದಾಟಿದವರು ಜೀವನದಲ್ಲಿ ಮೊದಲ ಸಲ ಉಯ್ಯಾಲೆ ಆಡಿದ್ದನ್ನು ಕಂಡೆ. ನಿಮ್ಮ ಭಾಷೆಯಲ್ಲಿ ಇದನ್ನು ‘ಸಾರ್ವಜನಿಕ ಮನರಂಜನಾ ಸೌಲಭ್ಯ’ ಎನ್ನುತ್ತಾರಂತೆ. ನಾವು ಹೆಸರಿಡಲಿಲ್ಲ. ಹೊಳೆಗೆ ಹೋಗುತ್ತೇವೆ ಅನ್ನುತ್ತಿದ್ದೆವು, ಅಷ್ಟೆ.

ಈಗ ಸರಪಳಿಯ ವಿಷಯ. ಮೆಟ್ಟಿಲಿನಿಂದ ಹದಿನೆಂಟು ಅಡಿ ಒಳಗೆ ಹೊಳೆಯಲ್ಲಿ ಒಂದು ಗುಂಡಿ ಇದೆ. ಅದು ದೇವರು ಮಾಡಿದ್ದಲ್ಲ. ಹತ್ತು ವರ್ಷದ ಹಿಂದೆ ರಾತ್ರಿಗಳಲ್ಲಿ ಯಂತ್ರ ಇಳಿಸಿ ಮರಳು ಎತ್ತಿದವರು ಬಿಟ್ಟುಹೋದದ್ದು. ಬಿದಿರು ಇಳಿಸಿ ಅಳೆದಿದ್ದೇನೆ, ಬೇಸಿಗೆಯಲ್ಲೇ ಹದಿನಾಲ್ಕು ಅಡಿ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರ ಕಾಲಡಿ ಒಮ್ಮೆಗೇ ನೆಲ ಇಲ್ಲ. ಅದೂ ಅಲ್ಲದೆ ನಮ್ಮ ಹೊಳೆ ಇಲ್ಲಿಯ ಮಳೆ ಕೇಳಿ ಏರುವುದಿಲ್ಲ; ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಬಿಸಿಲಿನಲ್ಲೇ ಏರುತ್ತದೆ. ಆದ್ದರಿಂದ ಗೇಟು ಮಾಡುವ ಜೆಯಕುಮಾರ್ ಆರು ಕಬ್ಬಿಣದ ಕಂಬ ನಿಲ್ಲಿಸಿ, ಮುಚ್ಚಿಹೋದ ಮರದ ಮಿಲ್ಲಿನಲ್ಲಿ ದಿಮ್ಮಿ ಎಳೆಯುತ್ತಿದ್ದ ಸರಪಳಿಯನ್ನು ಗುಂಡಿಯ ಸುತ್ತ ಎಳೆದು ಕಟ್ಟಿದ. ನೂರಾಹದಿನೆಂಟು ಅಡಿ. ಅದಾದ ಮೇಲೆ ನಾಲ್ಕು ವರ್ಷ, ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳು ನಾಲ್ಕು ಸಲ ಬಂತು, ಪಳನಿಗೆ ಪಾದಯಾತ್ರೆ ಹೋಗುವವರು ಪ್ರತಿ ಸಲವೂ ಅಲ್ಲಿ ಮಿಂದು ಹೋದರು. ಸತ್ತವರು ಒಬ್ಬರೂ ಇಲ್ಲ. ಮರಳು ಎತ್ತಿದವರು ಯಾರು ಎಂದು ನಿಮ್ಮ ಕಚೇರಿಯಲ್ಲಿ ಕೇಳಿದೆ. ‘ಅಪರಿಚಿತ ವ್ಯಕ್ತಿಗಳು’ ಎಂಬ ಉತ್ತರ ಬಂತು. ಮಾನ್ಯರೇ, ಎರಡು ವರ್ಷ ಲಾರಿಯ ಮೇಲೆ ಲಾರಿ ಹೋದರೂ ಪರಿಚಯವಾಗದಷ್ಟು ನಾಚಿಕೆ ಸ್ವಭಾವದವರೇ ಅವರು?

ನಮ್ಮ ತಪ್ಪು ಶುರುವಾದದ್ದು ಇಲ್ಲಿಂದ. ಹೋದ ವರ್ಷ ನಿಮ್ಮ ಕಚೇರಿಯಿಂದ ಒಬ್ಬರು ಬಂದು, ಉಯ್ಯಾಲೆಯಲ್ಲಿ ಕೂತು, ಬೋಂಡಾ ತಿಂದು, “ಒಂದು ಮನು ಕೊಟ್ಟುಬಿಡಿ, ಇದನ್ನೆಲ್ಲ ರೆಗ್ಯುಲರ್ ಮಾಡಿ ದೀಪ ಹಾಕಿಸುತ್ತೇವೆ” ಎಂದರು. ಮನು ಅಂದರೆ ಇಲ್ಲಿ ಅರ್ಜಿ. ಅರ್ಜಿ ಕೊಡುವತನಕ ನಮ್ಮ ದಂಡೆ ನಿಮ್ಮ ಕಡತದ ಕಣ್ಣಿಗೆ ಬಿದ್ದಿರಲಿಲ್ಲ. ನಾವೇ ಕೈಹಿಡಿದು ತೋರಿಸಿದೆವು. ಅರ್ಜಿ ತುಂಬುವವನು ನಾನು, ಊರಿನ ಕಾಗದವೆಲ್ಲ ನನ್ನ ಕೈಬರಹದ್ದೇ. ‘ನಿರ್ಮಿಸಿದವರ ಹೆಸರು’ ಎಂಬ ಜಾಗಕ್ಕೆ ಬಂದಾಗ ಪದ್ಧತಿಯಂತೆ ‘ದೇವರ ದನಗಳು’ ಎಂದು ಬರೆದೆ. ಇಪ್ಪತ್ತು ದಿನಕ್ಕೆ ಅದು ವಾಪಸು ಬಂತು. ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಅರ್ಜಿದಾರರು ಮನುಷ್ಯರಾಗಿರತಕ್ಕದ್ದು.’ ಸರಿಯಾದ ಮಾತು. ಆ ಷರತ್ತು ಮೇಜಿನ ಆಚೆಗೂ ಅನ್ವಯಿಸುತ್ತದೆಯೇ ಎಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಮರದ ಕೆಳಗೆ ಊರು ಸೇರಿತು. ಒಂದು ಹೆಸರು ಬೇಕು. ಕಟ್ಟುಪಾಡು ಮುರಿಯಬಾರದೆಂದು ಸುಮ್ಮನಿದ್ದವರು ಹೆಚ್ಚು ಜನ. ನಾನು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ನನ್ನ ಹಾಗೆ ಬಾಳೆ ಮಂಡಿ ನಡೆಸುವವನಿಗೆ ಸರಕಾರದ ಕಾಗದದಲ್ಲಿ ಹೆಸರಿದ್ದರೆ ಅದು ಯಾವತ್ತು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ಗೊತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. ನನ್ನ ಹೆಸರು ಬರೆದಿದ್ದರೆ ನಾಲ್ಕು ಅಕ್ಷರದ ಕೆಲಸ. ಚೆಲ್ಲಕ್ಕ ನನ್ನ ಮುಖ ನೋಡಿದರು, ಆಮೇಲೆ ಪೆನ್ನು ನೋಡಿದರು.

“ಏನ್ ಗುರುಸಾಮಿ, ಶಾಯಿ ಇಲ್ಲೆಯಾ?”

“ಶಾಯಿ ಐತಕ್ಕಾ.”

“ಅಂಗಾರೆ ನಂದು ಬರ್ಕೋ. ಗಂಡ ಇಲ್ಲೆ, ಪುಳ್ಳೆಕುಟ್ಟಿ ಇಲ್ಲೆ, ಯಾವಾರ ಇಲ್ಲೆ. ನನ್ನ ಪೇರಿಟ್ಟು ಯಾರ್ ಏನ್ ಮಾಡ್ತಾರೆ?”

ಪಕ್ಕದಲ್ಲಿದ್ದ ಪಾಂಡಿಯಮ್ಮಾಳ್, “ಅಕ್ಕಾ, ಪೇರು ಬರ್ಸಬಾರ್ದು. ಸಾಮಿ ಕುತ್ತ” ಎಂದಳು. ಪೇರು ಅಂದರೆ ಹೆಸರು; ಬರೆಸಿದರೆ ದೇವರ ಮುನಿಸು ಬರುತ್ತದೆ ಎಂದರ್ಥ.

“ಲೈಟು ಬಂದ್ಮೇಲೆ ಸಾಮಿ ತಾನೇ ಓದ್ಕೊಂಡು ಅಳಿಸಾಕ್ತಾನೆ ಬುಡು” ಎಂದರು ಚೆಲ್ಲಕ್ಕ.

ಎಲ್ಲರೂ ನಕ್ಕೆವು. ನಾನು ಬರೆದೆ. ಬರೆದು ಮುಗಿಸಿ, ನನ್ನ ಹೆಸರಲ್ಲವಲ್ಲ ಎಂದು ಒಳಗೊಳಗೆ ಉಸಿರು ಬಿಟ್ಟೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ದೀಪ ಬರಲಿಲ್ಲ. ತೈಗೆ ಮುಂಚಿನ ಮಾರ್ಗಳಿ ತಿಂಗಳಲ್ಲಿ ಮಣ್ಣು ಅಗೆಯುವ ಯಂತ್ರ ಬಂತು. ನೋಟೀಸನ್ನು ಹಿಂದಿನ ದಿನ ಮತ್ತಿ ಮರಕ್ಕೆ ಮೊಳೆ ಹೊಡೆದು ಹೋಗಿದ್ದಿರಿ. ಮರ ಅದನ್ನು ನಮಗೆ ಓದಿ ಹೇಳಲಿಲ್ಲ. ಗಂಡಸರೆಲ್ಲ ತೋಟ, ಸಂತೆ ಎಂದು ಹೋಗಿದ್ದ ಹೊತ್ತು. ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಂಬತ್ತು ಜನ ಹೆಂಗಸರು. ಸುದ್ದಿ ಕೇಳಿ ನಾನು ಓಡಿ ಬರುವಷ್ಟರಲ್ಲಿ ಬೆಂಚು ಮುರಿದಿತ್ತು, ಉಯ್ಯಾಲೆ ನೆಲದಲ್ಲಿತ್ತು. ಚೆಲ್ಲಕ್ಕ ಸೊಂಟದ ಮಟ್ಟ ನೀರಿನಲ್ಲಿ ನಿಂತು ಸರಪಳಿಯನ್ನು, ನಮ್ಮ ಮಾತಿನಲ್ಲಿ ಸಂಗಿಲಿಯನ್ನು, ಹಿಡಿದುಕೊಂಡಿದ್ದರು. ಅಂಗಲಾಚುತ್ತಿರಲಿಲ್ಲ. ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವ ದನಿಯಲ್ಲೇ ಮಾತಾಡುತ್ತಿದ್ದರು:

“ಐಯಾ, ಬೆಂಚು ಒಡುದ್ರಿ, ಸರಿ. ಕಲ್ಲು ಕಿತ್ರಿ, ಸರಿ. ಮೆಟ್ಲೂ ಕಿತ್ಕೊಂಡು ಓಗ್ರಿ. ಈ ಸಂಗಿಲಿ ಒಂದು ಬುಡ್ರಿ. ಇದು ನಮ್ಗಲ್ಲ, ಗುಂಡೀಗೆ.”

ನಿಮ್ಮ ಜೀಪಿನಿಂದ ಇಳಿದವರು ನಕ್ಷೆ ಬಿಡಿಸಿ ನೋಡಿ ತಮಿಳಿನಲ್ಲಿ ಹೇಳಿದ ಮಾತು ಇದು: “ನಕ್ಷೆಯಲ್ಲಿ ಗುಂಡಿ ಇಲ್ಲಮ್ಮಾ.”

“ಕಾಲಿಟ್ಟು ನೋಡು ಸಾಮಿ, ಇರ್ತದೆ.”

ಅವರು ಕಾಲಿಡಲಿಲ್ಲ. ಬೂಟು ಹೊಸದು. ಕಟ್ಟರು ತಂದು ಆರು ಕಂಬವನ್ನೂ ಕತ್ತರಿಸಿ, ಸರಪಳಿಯನ್ನು ಸುತ್ತಿ ಟ್ರ್ಯಾಕ್ಟರಿಗೆ ಹಾಕಿದರು. ಅಷ್ಟು ಹೊತ್ತಿಗೆ ಊಟದ ಸಮಯವಾಯಿತು. ಮೆಟ್ಟಿಲು ಕೀಳುವುದು ಇನ್ನೊಂದು ದಿನಕ್ಕೆ ಎಂದು ಹೋದವರು ಆ ಕೆಲಸಕ್ಕೆ ಮತ್ತೆ ಬರಲಿಲ್ಲ. ಇದನ್ನು ಸ್ವಲ್ಪ ನಿಂತು ಯೋಚಿಸಿ, ಮಾನ್ಯರೇ. ಜನರನ್ನು ನೀರಿಗೆ ಕರೆಯುವ ಮೆಟ್ಟಿಲನ್ನು ಬಿಟ್ಟಿರಿ. ನೀರಿನಲ್ಲಿ ತಡೆಯುವ ಸರಪಳಿಯನ್ನು ಒಯ್ದಿರಿ. ಎರಡನ್ನೂ ಬಿಟ್ಟಿದ್ದರೆ ಯಾರೂ ಸಾಯುತ್ತಿರಲಿಲ್ಲ. ಎರಡನ್ನೂ ಕಿತ್ತಿದ್ದರೂ ಬಹುಶಃ ಯಾರೂ ಸಾಯುತ್ತಿರಲಿಲ್ಲ. ಅರ್ಧ ಕೆಲಸಕ್ಕೆ ಊಟದ ವಿರಾಮ ಸೇರಿದ್ದರಿಂದ ಒಂದು ಜೀವ ಹೋಯಿತು.

ನಾವು ಕೈಕಟ್ಟಿ ಕೂರಲಿಲ್ಲ. ಕೆಂಪು ಬಟ್ಟೆ ಸಿಕ್ಕಿಸಿದ ತೆಂಗಿನ ಹಗ್ಗ ಕಟ್ಟಿದೆವು. ನಿಮ್ಮವರು ವಾರದೊಳಗೆ ಬಂದು ಅದನ್ನೂ ಬಿಚ್ಚಿದರು. ತೈ ತಿಂಗಳು ಬರುತ್ತಿತ್ತು, ಪಳನಿ ಯಾತ್ರಿಕರು ಬರುತ್ತಾರೆ. ಹಾಗಾಗಿ ಸರದಿಯ ಮೇಲೆ ಕಾವಲಿಗೆ ಇಳಿದೆವು. ಬೆಳಿಗ್ಗೆ ಐದೂವರೆಯಿಂದ ಕತ್ತಲಾಗುವತನಕ ದಂಡೆಯಲ್ಲಿ ಒಬ್ಬರು ಕೂತು, ಆಚೆ ಹೋಗಬೇಡಿ ಎಂದು ಬಂದವರಿಗೆಲ್ಲ ಕೂಗಿ ಹೇಳಬೇಕು. ಮತ್ತೆ ಮನೆಗೊಂದು ಆಳು. ಮತ್ತೆ ಅದೇ ಕಟ್ಟುಪಾಡು.

ಸತ್ತವರ ಹೆಸರು ಮಣಿಕಂಡನ್. ಮೂವತ್ತನಾಲ್ಕು ವರ್ಷ, ಗೂಡಲೂರಿನಲ್ಲಿ ಟೀ ಅಂಗಡಿ. ಹಸಿರು ಪಂಚೆ ಉಟ್ಟು ಹದಿನಾರು ಜನರ ಗುಂಪಿನಲ್ಲಿ ಬಂದವರು. ಬೆಳಿಗ್ಗೆ ಐದೂಮುಕ್ಕಾಲಿಗೆ ನೀರಿಗಿಳಿದರು. ಹೊಳೆಯ ಮೇಲೆ ಮಂಜು ಇತ್ತು. ಅವರು ಕುಡಿದಿರಲಿಲ್ಲ, ಹುಡುಗಾಟಕ್ಕೆ ಹಾರಲಿಲ್ಲ, ಸೆಲ್ಫಿ ತೆಗೆಯಲಿಲ್ಲ. ನೀರಿನಲ್ಲಿ ಸತ್ತವರ ಬಗ್ಗೆ ನೀವು ಸಾಮಾನ್ಯವಾಗಿ ಬರೆದುಕೊಳ್ಳುವ ಮೂರೂ ಕಾರಣ ಇಲ್ಲಿಲ್ಲ. ನೆಟ್ಟಗೆ ನಡೆದು ಹೋದರು, ಮುಳುಗಿದರು. ಐವತ್ತು ನಿಮಿಷದ ಮೇಲೆ ಜೆಯಕುಮಾರ್ ಗುಂಡಿಗೆ ಇಳಿದು ಮೇಲೆ ತಂದ.

ಮೂರನೇ ದಿನ ನಿಮ್ಮ ಕಚೇರಿಯ ಬೋರ್ಡು ಬಂತು: ‘ಅಪಾಯ, ಸ್ನಾನ ನಿಷೇಧ.’ ಕೆಳಗೆ ದಿನಾಂಕ ಒಂದು ತಿಂಗಳ ಹಿಂದಿನದು. ಬೋರ್ಡು ಓದಿಯೇ ಅಕ್ಷರ ಕಲಿತವನು ನಾನು, ಹತ್ತಿರ ಹೋಗಿ ಮುಟ್ಟಿ ನೋಡಿದೆ. ಆ ದಿನಾಂಕ ನನ್ನ ಬೆರಳಿಗೆ ಅಂಟಿಕೊಂಡು ಬಂತು. ಬಣ್ಣ ಒಣಗಿರಲಿಲ್ಲ. ಸತ್ತವರಿಗೆ ಎಚ್ಚರಿಕೆ ಕೊಡುವ ಕಚೇರಿ ನಮ್ಮ ಜಿಲ್ಲೆಯಲ್ಲಿ ಇದೆ ಎಂದು ಅವತ್ತು ಹೆಮ್ಮೆಪಡಬೇಕಾಯಿತು.

ಆಮೇಲೆ ಪೊಲೀಸರು. ಅವರಿಗೆ ಒಂದು ಹೆಸರು ಬೇಕಿತ್ತು. ಗುಂಡಿ ತೋಡಿದವರು ಅಪರಿಚಿತರು. ಸರಪಳಿ ಕತ್ತರಿಸಿದ್ದು ‘ಇಲಾಖೆ’, ಇಲಾಖೆಗೆ ಮುಖ ಇಲ್ಲ. ಇಡೀ ಕಡತದಲ್ಲಿ ಅಪ್ಪನ ಹೆಸರು, ವಯಸ್ಸು, ಮನೆ ನಂಬರು ಸಮೇತ ಇದ್ದ ಒಂದೇ ಒಂದು ಮನುಷ್ಯಪ್ರಾಣಿ ಚೆಲ್ಲಮ್ಮಾಳ್. ‘ಅನುಮತಿಯಿಲ್ಲದೆ ಸ್ನಾನಘಟ್ಟ ನಿರ್ಮಿಸಿ, ಅಜಾಗರೂಕತೆಯಿಂದ ಸಾವಿಗೆ ಕಾರಣರಾದ’ ಎಂದು ಮೊಕದ್ದಮೆ. ನಾನು ನನ್ನ ಕೈಯಾರೆ ಅಂದವಾಗಿ ಬರೆದುಕೊಟ್ಟ ಹೆಸರು.

ಸಾವಿನ ಹದಿನೇಳನೇ ದಿನ ಮಣಿಕಂಡನ್ ಅವರ ಹೆಂಡತಿ ಮಣಿಮೇಗಲೈ ಹೊಳೆಗೆ ಬಂದಳು. ಅವಳ ತಮ್ಮ ಜೊತೆಗಿದ್ದ. ಯಾರ ಹತ್ತಿರವೂ ದಾರಿ ಕೇಳಲಿಲ್ಲ, ನೇರ ಮೆಟ್ಟಿಲಿಗೆ ಬಂದು ನಿಂತು ಕೇಳಿದಳು: “ಯಾರಿಂಗೆ ಚೆಲ್ಲಮ್ಮಾಳ್?” ಇಲ್ಲಿ ಚೆಲ್ಲಮ್ಮಾಳ್ ಯಾರು ಎಂದು.

ಹನ್ನೊಂದು ಜನ ಇದ್ದೆವು. ಚೆಲ್ಲಕ್ಕ ಎದ್ದು, “ನಾನೇ ತಾಯಿ” ಎಂದರು.

ಹೊಡೆಯುತ್ತಾಳೆ ಎಂದುಕೊಂಡೆ. ಚೆಲ್ಲಕ್ಕನೂ ಹಾಗೇ ಎಂದುಕೊಂಡಿರಬೇಕು, ಮುಖವನ್ನು ಹಿಂದಕ್ಕೆಳೆಯದೆ ಹಾಗೇ ನಿಂತರು. ಮಣಿಮೇಗಲೈ ಅವರನ್ನು ನೋಡಿದಳು, ಹೊಳೆ ನೋಡಿದಳು. ತಮಿಳಿನಲ್ಲಿ ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “ಇಲ್ಲೊಂದು ಸಂಗಿಲಿ ಇತ್ತಲ್ಲ, ಎಲ್ಲಿ? ಹೋದ ವರ್ಷ ನಾವಿಬ್ಬರೂ ಬಂದಿದ್ದೆವು. ಅವರಿಗೆ ಈಜು ಬಾರದು. ಆ ಸಂಗಿಲಿತನಕ ನಡೆದು ಹೋಗಿ, ಅದನ್ನು ಹಿಡಿದು ನಿಂತು ಮೂರು ಮುಳುಗು ಹಾಕಿದ್ದರು. ಈ ಸಲ ಮನೆಯಿಂದ ಹೊರಡುವಾಗ ನಾನು ಹೆದರಿದ್ದಕ್ಕೆ, ಅಲ್ಲಿ ಸಂಗಿಲಿ ಇದೆಯಲ್ಲೇ, ಭಯ ಯಾಕೆ ಅಂದಿದ್ದರು.”

ಮಾನ್ಯರೇ, ಈ ಮಾತನ್ನು ಇನ್ನೊಮ್ಮೆ ಓದಿ. ಆತ ಎಚ್ಚರಗೇಡಿತನದಿಂದ ಸಾಯಲಿಲ್ಲ. ಎಚ್ಚರದಿಂದಿದ್ದೇ ಸತ್ತರು. ಮಂಜಿನಲ್ಲಿ ಕೈ ಚಾಚಿ, ಇನ್ನೊಂದು ಹೆಜ್ಜೆಗೆ ಸಿಗುತ್ತದೆ, ಇನ್ನೊಂದು ಹೆಜ್ಜೆಗೆ ಸಿಗುತ್ತದೆ ಎಂದು ನೀವು ಒಯ್ದಿದ್ದ ಸರಪಳಿಯನ್ನು ಹುಡುಕುತ್ತಾ ಗುಂಡಿಯೊಳಗೆ ನಡೆದರು. ಮಣಿಮೇಗಲೈ ಇದನ್ನೇ ಠಾಣೆಯಲ್ಲೂ ಹೇಳಿದ್ದಾಳೆ. ಅವಳ ಹೇಳಿಕೆ ಎಂದು ಬರೆದ ಕಾಗದದಲ್ಲಿ ‘ಸರಪಳಿ’ ಎಂಬ ಪದ ಒಂದು ಸಲವೂ ಇಲ್ಲ. ‘ಅನಧಿಕೃತ ಮೆಟ್ಟಿಲು’ ನಾಲ್ಕು ಸಲ ಇದೆ.

ಆ ಸರಪಳಿಯನ್ನು ನಾನು ನೋಡಿದ್ದೇನೆ. ಏಳನೇ ಅರ್ಜಿ ಕೊಡಲು ಬಂದಾಗ ನಿಮ್ಮ ಕಚೇರಿಯ ಮುಂದೆ ಹುಣಸೆ ಮರದ ನೆರಳಿರುವ ಜಾಗಕ್ಕೆ ಅಡ್ಡ ಕಟ್ಟಿದ್ದಿರಿ, ಬೇರೆಯವರು ಗಾಡಿ ನಿಲ್ಲಿಸಬಾರದು ಎಂದು. ಜೆಯಕುಮಾರ್ ಬೆಸುಗೆ ಹಾಕಿದ ಕೊಂಡಿ ನನಗೆ ಗುರುತು ಸಿಕ್ಕಿತು. ಕಾವಲುಗಾರನನ್ನು ಕೇಳಿದೆ, “ಇದು ಯಾಕಪ್ಪಾ ಇಲ್ಲಿ?” ಅವನು ಪಾಪ, ಇದ್ದದ್ದನ್ನು ಹೇಳಿದ: “ಸಾರ್ ಕಾರಿಗೆ ಏನಾದರೂ ಆದರೆ ಯಾರು ಜವಾಬ್ದಾರಿ, ಐಯಾ?” ಹೊಳೆಯಲ್ಲಿ ಅನಧಿಕೃತವಾಗಿದ್ದದ್ದು ನಿಮ್ಮ ಹುಣಸೆ ಮರದ ಕೆಳಗೆ ಅಧಿಕೃತವಾಗಿದೆ. ನಿಮ್ಮ ಕಾರು ಕ್ಷೇಮವಾಗಿದೆ ಎಂದು ತಿಳಿದು ಸಂತೋಷ.

ಇಷ್ಟೆಲ್ಲ ಇದ್ದರೂ ಚೆಲ್ಲಕ್ಕ ಯಾಕೆ ಒಪ್ಪಿಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ವಕೀಲರೂ ಅದನ್ನೇ ಕೇಳಿದರು. ಚೆಲ್ಲಕ್ಕ ಈಗ ಹೊಳೆಯ ಕಡೆ ಹೋಗುವುದಿಲ್ಲ. ಹಿತ್ತಲಿನ ಬಾಗಿಲು ತೆರೆದರೆ ಹೊಳೆ ಕಾಣುತ್ತದೆ ಎಂದು ಆ ಬಾಗಿಲಿಗೆ ಒನಕೆ ಅಡ್ಡ ಕೊಟ್ಟಿದ್ದಾರೆ. ಹೋದ ವಾರ ವಕೀಲರನ್ನು ಕರೆದುಕೊಂಡು ಹೋದೆ.

“ಅಕ್ಕಾ, ಜಡ್ಜು ಕೇಳ್ದಾಗ ಇಲ್ಲೆ ಅಂತ ಒಂದ್ ಮಾತು ಅನ್ನು, ಸಾಕು. ಮಿಕ್ಕಿದ್ದು ಇವ್ರು ನೋಡ್ಕೊತಾರೆ.”

“ಎಂಗ್ಲ ಅನ್ನಲಿ? ಪೇರು ಬರ್ಸಬಾರ್ದು ಅಂತ ಇತ್ತು, ಬರ್ಸ್ದೆ. ಸಾಮಿ ಕೆಲ್ಸಾನ ನನ್ನ ಕೆಲ್ಸ ಅಂದೆ. ಅದಕೇ ಒಂದು ಎಣ್ಣಿನ ತಾಳಿ ಓಯ್ತು. ಕೆಲ್ಸಕ್ಕೆ ನನ್ನ ಪೇರು, ಸಾವಿಗೆ ಬ್ಯಾರೇರ ಪೇರಾ?”

“ಸಂಗಿಲಿ ಕತ್ತರ್ಸಿದ್ದು ಆಪೀಸ್ನೋರು ಅಕ್ಕಾ.”

“ಅವ್ರ ಪೇರು ಎಲ್ಲೈತೆ? ತೋರ್ಸು.”

ತೋರಿಸಲು ನನ್ನ ಬಳಿ ಇರಲಿಲ್ಲ. ಅದು ನಿಮ್ಮ ಬೀರುವಿನಲ್ಲಿದೆ. ವಕೀಲರು ಚೀಲ ತೆಗೆದುಕೊಂಡು ಎದ್ದರು. ಅವರು ಅಂಗಳ ದಾಟಿದ ಮೇಲೆ ನಾನು ಕೇಳಿದೆ, “ಅಕ್ಕಾ, ಅವತ್ತು ಬೆಳಿಗ್ಗೆ ಕಾವ್ಲು ಯಾರ ಸರದಿ ಅಂತ ಪೋಲೀಸು ಕೇಳ್ದಾಗ, ನೀನ್ ಯಾಕ್ ಯೋಳ್ಲಿಲ್ಲ?”

ಚೆಲ್ಲಕ್ಕ ಅವರೆ ಸುಲಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. “ಬರ್ದೇ ಇದ್ದೋರ ಪೇರು ಎತ್ತೋದು ನಮ್ಮೂರಲ್ಲಿ ಯಾವತ್ತಿಂದ ತಂಬಿ?”

ಮಾನ್ಯರೇ, ಅವತ್ತಿನ ಸರದಿ ನನ್ನದು. ಐದೂವರೆಗೆ ನಾನು ದಂಡೆಯಲ್ಲಿರಬೇಕಿತ್ತು. ಮಂಡಿಯಲ್ಲಿ ಲಾರಿ ತುಂಬುತ್ತಿದ್ದರು, ನಾನಿಲ್ಲದಿದ್ದರೆ ಬಲಿಯದ ಗೊನೆ ಸೇರಿಸುತ್ತಾರೆ ಎಂದು ನಿಂತೆ. ಹೊಳೆಗೆ ಬಂದಾಗ ಆರು ಗಂಟೆ ಐದು ನಿಮಿಷ. ಹದಿನಾರು ಜನ ಹಸಿರು ಪಂಚೆಯವರು ಇರಬೇಕಾದ ಕಡೆ ಹದಿನೈದು ಜನ ನಿಂತು ನೀರಿನ ಕಡೆ ಒಂದು ಹೆಸರು ಹಿಡಿದು ಕೂಗುತ್ತಿದ್ದರು. ಎಣಿಸುವ ಕಣ್ಣಿನವನು, ಬಂದ ಕ್ಷಣವೇ ಎಣಿಸಿದೆ. ಊರಿಗೆಲ್ಲ ಇದು ಗೊತ್ತು. ಏಳು ತಿಂಗಳಲ್ಲಿ ಒಬ್ಬರೂ ಆಡಿಲ್ಲ. ನಾನು ನಿಮಗೆ ಕೊಟ್ಟ ಹನ್ನೊಂದು ಅರ್ಜಿಯಲ್ಲೂ ಆಡಿಲ್ಲ. ಹನ್ನೊಂದರಲ್ಲೂ ತಪ್ಪೆಲ್ಲ ನಿಮ್ಮದೇ ಎಂದು ಬರೆದಿದ್ದೆ. ನಿಮ್ಮ ಬೋರ್ಡಿನ ದಿನಾಂಕಕ್ಕೂ ನನ್ನ ಅರ್ಜಿಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇದನ್ನು ಓದಿ ನಿಮಗೆ ಸಮಾಧಾನವಾಯಿತೇನೋ. ಅಪರಾಧಿ ಸಿಕ್ಕ, ಕಡತ ಮುಚ್ಚಬಹುದು ಎಂದು. ಅಷ್ಟು ಸುಲಭಕ್ಕೆ ಬಿಡುವವನಲ್ಲ ನಾನು. ಸರಪಳಿ ಇದ್ದ ನಾಲ್ಕು ವರ್ಷ ಕಾವಲು ಎಂಬುದೇ ಬೇಕಿರಲಿಲ್ಲ. ಕಬ್ಬಿಣ ನಿದ್ದೆ ಮಾಡುವುದಿಲ್ಲ, ಲಾರಿ ತುಂಬಿಸಲು ಹೋಗುವುದಿಲ್ಲ. ಅದನ್ನು ತೆಗೆದು ಆ ಜಾಗಕ್ಕೆ ನನ್ನಂಥ ಮನುಷ್ಯರನ್ನು ನಿಲ್ಲಿಸಿದವರು ನೀವು. ಮನುಷ್ಯ ಒಂದಲ್ಲ ಒಂದು ದಿನ ಮೂವತ್ತೈದು ನಿಮಿಷ ತಡವಾಗಿ ಬರುತ್ತಾನೆ. ನಾನು ಬಂದೆ. ನನ್ನ ಪಾಲನ್ನು ನಾನು ಇಳಿಸಿಕೊಳ್ಳುವುದಿಲ್ಲ. ನಿಮ್ಮ ಪಾಲನ್ನು ನೀವು ಅರವತ್ತೇಳು ವರ್ಷದ ಹೆಂಗಸಿನ ತಲೆ ಮೇಲೆ ಇಳಿಸಿ ಕೈ ಒರೆಸಿಕೊಳ್ಳುವುದನ್ನೂ ಬಿಡುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಸರಪಳಿ ಕತ್ತರಿಸಲು ಆದೇಶ ಬರೆದ ಕಾಗದವನ್ನು, ಅದರ ಕೆಳಗಿರುವ ಸಹಿಯನ್ನು, ಆ ದಿನ ಜೀಪಿನಲ್ಲಿ ಬಂದವರ ಹೆಸರನ್ನು ಹದಿನೆಂಟನೇ ತಾರೀಕಿನ ಒಳಗೆ ನ್ಯಾಯಾಲಯಕ್ಕೆ ಕಳಿಸಿ. ಮಣಿಮೇಗಲೈ ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಸಿಕೊಳ್ಳಲು ನಿಮ್ಮ ಕಡೆಯಿಂದಲೂ ಕೇಳಿ. ಗುಂಡಿಯನ್ನು ನಿಮ್ಮ ನಕ್ಷೆಯಲ್ಲಿ ಗುರುತು ಮಾಡಿ. ಸರಪಳಿಯನ್ನು ಈ ವಾರವೇ ವಾಪಸು ಕೊಡಿ, ಕಟ್ಟಲು ನಮ್ಮಲ್ಲಿ ಆಳಿದ್ದಾರೆ. ಮುಂದಿನ ತೈ ತಿಂಗಳಿಗೆ ಯಾತ್ರಿಕರು ಬರುತ್ತಾರೆ. ಅವರಲ್ಲಿ ಎಷ್ಟು ಜನ ಸರಪಳಿ ಅಲ್ಲೇ ಇದೆ ಎಂದು ನಂಬಿ ಹೊರಡುತ್ತಾರೋ ನನಗೂ ಎಣಿಸಲು ಬರುವುದಿಲ್ಲ.

ನೀವು ಕಳಿಸಿದರೂ ಸರಿ, ಕಳಿಸದಿದ್ದರೂ ಸರಿ, ಅವತ್ತು ನಾನು ಅಲ್ಲಿರುತ್ತೇನೆ. ಈ ಸಲ ಹೊತ್ತಿಗೆ ಮುಂಚೆ. ಚೆಲ್ಲಕ್ಕನ ಹೆಸರು ಕೂಗಿದಾಗ, ಅವರು ಬಾಯಿ ತೆರೆಯುವ ಮೊದಲು ನಾನು ಎದ್ದು ನಿಂತು, ಕಾವಲು ತಪ್ಪಿದವನು ನಾನು, ನನ್ನ ಹೆಸರು ಬರೆದುಕೊಳ್ಳಿ ಎನ್ನುತ್ತೇನೆ. ಅವರು ಊರಿನ ಕಟ್ಟುಪಾಡು ಮುರಿದದ್ದು ದೀಪಕ್ಕಾಗಿ. ನಾನು ಮುರಿಯುವುದು ಅವರನ್ನು ಮನೆಗೆ ಕಳಿಸುವುದಕ್ಕಾಗಿ. ನನ್ನ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರುತ್ತೇನೆ. ಆ ಜಾಗ ಸರಪಳಿ ಕತ್ತರಿಸಿದವರದ್ದು. ಅಲ್ಲಿ ಯಾರು ಬಂದು ನಿಲ್ಲುತ್ತಾರೆ ಎಂಬುದನ್ನು ನೀವು ತೀರ್ಮಾನಿಸಿ ತಿಳಿಸಿ.

ಇಂತಿ,
ತಮ್ಮ ವಿಧೇಯ ಎಂದು ಬರೆಯಲು ಮನಸ್ಸೊಪ್ಪದ, ನಿರಪರಾಧಿ ಎಂದು ಬರೆಯಲು ಬಾಯಿಲ್ಲದ,
ಗುರುಸಾಮಿ
ಬಾಳೆ ಮಂಡಿ, ಹೊಳೆ ಬೀದಿ
(ಆ ಬೆಳಿಗ್ಗೆಯ ಕಾವಲು)